ಫೈರ್‌ಫಾಕ್ಸ್‌ನ ಕಾಗುಣಿತ ಪರೀಕ್ಷೆ: ಕೆಂಪು ಗೆರೆ ತೊಲಗಿದ ಬಗೆ

ಉಡುಪಿಯ ನಮ್ಮ ಕಚೇರಿಯಲ್ಲಿ ಇಂಗ್ಲಿಷ್ ಪತ್ರಗಳನ್ನು ಬ್ರಿಟಿಷ್ ಕಾಗುಣಿತದಲ್ಲೇ ಬರೆಯುವ ರೂಢಿಯಿದೆ. ನನ್ನ ಫೈರ್‌ಫಾಕ್ಸ್‌ನಲ್ಲಿ ಅಮೆರಿಕನ್ ನಿಘಂಟು ಆಯ್ಕೆಯಾಗಿದ್ದುದರಿಂದ ‘ಕಲರ್’ ಪದಕ್ಕೆ ‘ಯು’ ಸೇರಿಸಿದೊಡನೆ ಅದರಡಿ ಕೆಂಪು ಗೆರೆ ಮೂಡುತ್ತಿತ್ತು. ತಪ್ಪು ನನ್ನದೇ, ಬ್ರೌಸರಿನದಲ್ಲ. ಬರೆಯುವ ಚೌಕದೊಳಗೆ ಮೌಸ್‌ನ ಬಲಗುಂಡಿ ಒತ್ತಿ, ‘ಲ್ಯಾಂಗ್ವೇಜಸ್’ ತೆರೆದು, ‘ಆ್ಯಡ್ ಡಿಕ್ಷನರೀಸ್’ ಮೂಲಕ ಬ್ರಿಟಿಷ್ ನಿಘಂಟನ್ನು ಅಳವಡಿಸಿಕೊಂಡು, ಅಮೆರಿಕನ್ ನಿಘಂಟಿನ ಮುಂದಿನ ಗುರುತನ್ನು ತೆಗೆದರೆ ಕೆಲಸ ಮುಗಿಯಿತು. 2022ರಲ್ಲಿ ಬಂದ 100ನೆಯ ಆವೃತ್ತಿಯಿಂದ ಒಂದಕ್ಕಿಂತ ಹೆಚ್ಚು ನಿಘಂಟುಗಳನ್ನು ಏಕಕಾಲಕ್ಕೆ ಆಯ್ದುಕೊಳ್ಳಬಹುದಾಗಿದ್ದು, ಎರಡು ಭಾಷೆಗಳಲ್ಲಿ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಆದರೆ ಬ್ರಿಟಿಷ್, ಅಮೆರಿಕನ್ ಎರಡಕ್ಕೂ ಗುರುತು ಹಾಕಿದರೆ ಎರಡೂ ಬಗೆಯ ಕಾಗುಣಿತ ಸರಿಯೆಂದೇ ಸಾಗುತ್ತದೆ. ಕಚೇರಿ ಪತ್ರಕ್ಕೆ ಅದು ತಕ್ಕುದಲ್ಲ. ಬ್ರಹ್ಮಾವರ, ಉದ್ಯಾವರ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಈಗಲೂ ಗೆರೆ ಬೀಳುತ್ತದೆಯಾದರೂ, ‘ಆ್ಯಡ್ ಟು ಡಿಕ್ಷನರಿ’ ಒತ್ತಿ ಒಂದೊಂದೇ ಊರನ್ನು ಸೇರಿಸುತ್ತಿದ್ದೇನೆ.