ಗೋವಾ ದೋಣಿಯೋ, ಗೋವಾ ಕೋರ್ಸೋ, ಪುಣೆಯ ಕೊಳವೋ: ಸ್ಕೂಬಾ ಎಲ್ಲಿ ಕಲಿಯುವುದು?

ಪುಣೆ, ಮುಂಬೈಯ ಕನ್ನಡಿಗರಿಗೆ ಸ್ಕೂಬಾ ಎಂದರೆ ಮೊದಲು ನೆನಪಾಗುವುದು ಗೋವಾ. ಆದರೆ ಕಲಿಯಬೇಕೆಂದರೆ ದಾರಿ ಒಂದೇ ಅಲ್ಲ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ವಾಪಸ್ ಬರುವ ಗ್ರಾಂಡೆ ದ್ವೀಪದ ದೋಣಿ ಪ್ಯಾಕೇಜ್ ಇದೆ. ಗೋವಾದಲ್ಲೇ ಮೂರು ನಾಲ್ಕು ದಿನ ಉಳಿದು ಮಾಡುವ ಓಪನ್ ವಾಟರ್ ಕೋರ್ಸ್, ಅಂದರೆ ಡೈವರ್ ಕಾರ್ಡ್ ಕೊಡುವ ಮೊದಲ ಹಂತದ ಕೋರ್ಸ್, ಇದೆ. ಪಾಠವನ್ನೂ ಈಜುಕೊಳದ ಅಭ್ಯಾಸವನ್ನೂ ಪುಣೆ ಅಥವಾ ಮುಂಬೈಯಲ್ಲಿ ಮುಗಿಸಿಕೊಂಡು, ಸಮುದ್ರದ ಡೈವ್‌ಗಳಿಗೆ ಮಾತ್ರ ಮುರುಡೇಶ್ವರದ ನೇತ್ರಾಣಿ ದ್ವೀಪಕ್ಕೆ ಹೋಗುವುದು ಇನ್ನೊಂದು. ಮೂರನ್ನೂ ಮಾಡಿ ನೋಡಿದವರಾಗಿ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಕಲಿಕೆಯ ಮುಕ್ಕಾಲು ಪಾಲು ನಡೆಯುವುದು ಕೊಳದಲ್ಲಿ. ಹಾಗಾಗಿ ಸಮುದ್ರ ಎಷ್ಟು ಚೆಂದ ಎಂದು ಕೇಳುವ ಮೊದಲು ಕೊಳ ಎಷ್ಟು ಆಳ, ಅದರಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಎಂದು ಕೇಳಿ.

ಗ್ರಾಂಡೆ ದೋಣಿ

ಸ್ನಾರ್ಕೆಲಿಂಗ್, ಗಾಳ ಹಾಕುವುದು, ಊಟ, ಸಿಕ್ಕರೆ ಡಾಲ್ಫಿನ್, ಇವುಗಳ ನಡುವೆ ಹತ್ತು ಹದಿನೈದು ನಿಮಿಷ ಸ್ಕೂಬಾ. ಅಗ್ಗದ ದೋಣಿಗಳಲ್ಲಿ ಹುಡುಗನೊಬ್ಬ ನಿಮ್ಮ ಸಿಲಿಂಡರಿನ ವಾಲ್ವ್ ಹಿಡಿದು ಮೂರು ನಾಲ್ಕು ಮೀಟರ್ ಕೆಳಗೆ ಕರೆದೊಯ್ಯುತ್ತಾನೆ, ಬಂಡೆ ಹಿಡಿಸಿ ವಿಡಿಯೊ ತೆಗೆಯುತ್ತಾನೆ, ಮೇಲೆ ತರುತ್ತಾನೆ. ಗಾಳಿ ತುಂಬಿ ತೇಲಿಸುವ, ಗಾಳಿ ಬಿಟ್ಟು ಮುಳುಗಿಸುವ ಜಾಕೆಟ್, ಅಂದರೆ ಬಿಸಿಡಿ, ಮೈಮೇಲಿದ್ದರೂ ಅದರ ಗುಂಡಿ ನಿಮ್ಮ ಕೈಗೆ ಬರುವುದಿಲ್ಲ.

ಹೊತ್ತು ಯಾಕೆ ಇಷ್ಟು ಕಮ್ಮಿ ಎಂಬುದಕ್ಕೆ ಒಂದು ಲೆಕ್ಕ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. 200 ಬಾರ್ ಒತ್ತಡಕ್ಕೆ ತುಂಬಿಸಿದರೆ 2,200 ಲೀಟರ್ ಗಾಳಿ. 50 ಬಾರ್ ಮುಟ್ಟದೆ ಉಳಿಸಿದರೆ ಬಳಸಲು ಸಿಗುವುದು 1,650 ಲೀಟರ್. ಗಾಬರಿಯಲ್ಲಿರುವ ಹೊಸಬರು ನಿಮಿಷಕ್ಕೆ 25 ಲೀಟರ್ ಎಳೆಯುತ್ತಾರೆ ಎಂದಿಟ್ಟುಕೊಳ್ಳಿ. ನಾಲ್ಕು ಮೀಟರ್ ಆಳದಲ್ಲಿ ಒತ್ತಡ 1.4 ಪಟ್ಟು, ಅಂದರೆ 35 ಲೀಟರ್. ಹನ್ನೆರಡು ನಿಮಿಷಕ್ಕೆ 420 ಲೀಟರ್, 38 ಬಾರ್ ಅಷ್ಟೇ. ಅಂದರೆ ಒಬ್ಬರಿಗೆ ಮುಕ್ಕಾಲು ಗಂಟೆ ಸಾಲುವ ಸಿಲಿಂಡರ್ ನಾಲ್ಕು ಜನಕ್ಕೆ ಹಂಚಿಕೆಯಾಗಬಹುದು. ಪ್ಯಾಕೇಜಿನ ದರದ ಗುಟ್ಟು ಇಲ್ಲಿದೆ. ನೀರಿಗಿಳಿಯುವ ಮುನ್ನ ಸಿಲಿಂಡರಿನ ಒತ್ತಡ ಹೇಳುವ ಗೇಜ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಒಂದೇ ದಿನ ಬಿಡುವಿದ್ದರೆ ಡೈವ್ ಸೆಂಟರ್‌ನ ಡಿಸ್ಕವರ್ ಸ್ಕೂಬಾ, ಅಂದರೆ ಇನ್‌ಸ್ಟ್ರಕ್ಟರ್ ಜೊತೆಗಿನ ಪರಿಚಯದ ಡೈವ್, ಕೇಳಿ. ಅಲ್ಲಿ ಆರೋಗ್ಯದ ಪ್ರಶ್ನಾವಳಿ ತುಂಬಿಸುತ್ತಾರೆ, ಆಳವಿಲ್ಲದ ನೀರಿನಲ್ಲಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಧನ) ಬಿಟ್ಟು ಹಿಡಿಯುವುದು, ಮಾಸ್ಕ್‌ಗೆ ಬಂದ ನೀರು ಹೊರಹಾಕುವುದು ಕಲಿಸುತ್ತಾರೆ, ಮಿತಿ 12 ಮೀಟರ್. ಈಜು ಬರಲೇಬೇಕೆಂದಿಲ್ಲ. ಪ್ರಶ್ನಾವಳಿಯಲ್ಲಿ ಅಸ್ತಮಾ, ಕಿವಿಯ ಆಪರೇಷನ್‌ನಂಥದಕ್ಕೆ ಹೌದು ಎಂದರೆ ವೈದ್ಯರ ಸಹಿ ಬೇಕಾಗುತ್ತದೆ. ದೋಣಿ ಹತ್ತುವ ಹೊತ್ತಿನಲ್ಲಿ ಅದು ಸಿಗುವುದಿಲ್ಲವೆಂದು ಜನ ಎಲ್ಲಕ್ಕೂ ಇಲ್ಲ ಎಂದು ಬರೆದುಬಿಡುತ್ತಾರೆ. ನಮೂನೆಯನ್ನು ವಾರದ ಮೊದಲೇ ತರಿಸಿಕೊಳ್ಳಿ.

ಗೋವಾದಲ್ಲೇ ಪೂರ್ಣ ಕೋರ್ಸ್

ಡೈವಿಂಗ್ ಕಾರ್ಡ್ ಕೊಡುವ ಸಂಸ್ಥೆ ಪ್ಯಾಡಿ ಆಗಲಿ ಎಸ್‌ಎಸ್‌ಐ ಆಗಲಿ, ಓಪನ್ ವಾಟರ್ ಕೋರ್ಸಿನ ಮೈಕಟ್ಟು ಹೆಚ್ಚುಕಡಿಮೆ ಒಂದೇ: ಥಿಯರಿ, ಕೊಳದ ಅಭ್ಯಾಸ, ಸಮುದ್ರದಲ್ಲಿ ಕನಿಷ್ಠ ನಾಲ್ಕು ಡೈವ್, ಕೊನೆಗೆ 18 ಮೀಟರ್‌ವರೆಗಿನ ಕಾರ್ಡ್. ಪ್ಯಾಡಿಯಲ್ಲಿ ನಿಲ್ಲದೆ 200 ಮೀಟರ್ ಈಜಬೇಕು, ಇಲ್ಲವೇ ಮಾಸ್ಕ್, ಸ್ನಾರ್ಕೆಲ್, ಫಿನ್ ಹಾಕಿ 300 ಮೀಟರ್. ಮೇಲೆ ಹತ್ತು ನಿಮಿಷ ತೇಲಬೇಕು. ವೇಗದ ಪರೀಕ್ಷೆ ಅಲ್ಲ. ಯಾವ ಸಂಸ್ಥೆ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಇನ್‌ಸ್ಟ್ರಕ್ಟರ್ ಯಾರು, ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳುವುದು ಮೇಲು.

ಗೋವಾದ ಅನುಕೂಲ, ಡೈವ್ ತಾಣಗಳು ಹತ್ತಿರ ಮತ್ತು ಆಳ ಕಮ್ಮಿ. ಸೂಜಿಸ್ ರೆಕ್ ಎಂಬ ಹಳೆ ಹಡಗಿನ ಅವಶೇಷವಂತೂ ಹೊಸಬರೂ ಇಳಿಯಬಹುದಾದಷ್ಟು ಮೇಲಿದೆ. ತೊಂದರೆ ನೀರಿನ ಬಣ್ಣದ್ದು. ಮಾಂಡವಿ, ಜುವಾರಿ ಎರಡೂ ನದಿಗಳ ಹೂಳು ಬಂದು ಸೇರುವ ಕಡಲು ಇದು. ಮೂರು ನಾಲ್ಕು ಮೀಟರ್ ಆಚೆ ಏನೂ ಕಾಣದ ದಿನಗಳು ಸಾಮಾನ್ಯ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ ಇಳಿತ ಜೋರಾಗಿ ತಳದ ಹೂಳು ಏಳುತ್ತದೆ. ಅಷ್ಟಮಿಯ ಸುತ್ತಮುತ್ತ ಸೆಳೆತ ಕಮ್ಮಿ, ನೀರು ಕೊಂಚ ತಿಳಿ. ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡುವುದಕ್ಕೆ ಕಾಸು ಖರ್ಚಿಲ್ಲ.

ಮಬ್ಬು ನೀರಿನಲ್ಲಿ ಕಲಿತವರು ಜೊತೆಗಾರನನ್ನು ಬಿಡದಿರುವ ಶಿಸ್ತು ಬೇಗ ಕಲಿಯುತ್ತಾರೆ, ನಿಜ. ಆದರೆ ಮೇಲೂ ಕೆಳಗೂ ಗುರುತಿಗೆ ಏನೂ ಕಾಣದಿದ್ದಾಗ, ಮೇಲೆ ಬರುವ ದಾರಿಯಲ್ಲಿ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್ ಕಷ್ಟ. ಹಗ್ಗ ಹಿಡಿದೇ ನಿಲ್ಲಬೇಕಾಗುತ್ತದೆ. ಇನ್ನೊಂದು ಮಾತು: ರಜೆಯ ಮೂರು ದಿನದಲ್ಲಿ ಕೋರ್ಸ್ ತುರುಕಿದಾಗ ಮೊದಲು ಕತ್ತರಿ ಬೀಳುವುದು ಕೊಳಕ್ಕೆ. ಎದೆಮಟ್ಟದ ಹೋಟೆಲ್ ಕೊಳದಲ್ಲಿ ಒಂದೇ ಮಧ್ಯಾಹ್ನ ಎಲ್ಲ ಮುಗಿಸುವ ವೇಳಾಪಟ್ಟಿ ಕಂಡರೆ ಬೇರೆ ಸೆಂಟರ್ ನೋಡಿ.

ಪುಣೆಯ ಕೊಳ, ನೇತ್ರಾಣಿಯ ಕಡಲು

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಬಂದ್. ಕೊಳಕ್ಕೆ ಮಳೆಗಾಲವಿಲ್ಲ. ಶ್ರಾವಣ, ಭಾದ್ರಪದದ ಶನಿವಾರ ಭಾನುವಾರಗಳಲ್ಲಿ ಕೊಳ ಮುಗಿಸಿ ದೀಪಾವಳಿಯ ನಂತರ ಸಮುದ್ರಕ್ಕೆ ಹೋದರೆ ಆಯಿತು. ಉಳಿದ ಭಾಗವನ್ನು ಬೇರೆ ಸೆಂಟರ್‌ನಲ್ಲಿ ಮುಗಿಸಲು ಕೊಡುವ ಪ್ಯಾಡಿಯ ರೆಫರಲ್ ಪತ್ರ 12 ತಿಂಗಳು ನಡೆಯುತ್ತದೆ. ಎರಡೂ ಕಡೆಯ ಸೆಂಟರ್ ಒಂದೇ ಸಂಸ್ಥೆಯದಾದರೆ ತಕರಾರು ಇಲ್ಲ; ಬೇರೆ ಬೇರೆಯಾದರೆ ದುಡ್ಡು ಕಟ್ಟುವ ಮೊದಲೇ ಒಪ್ಪಿಗೆ ಪಡೆಯಿರಿ.

ಕೊಳ ಕನಿಷ್ಠ ಮೂರು ಮೀಟರ್ ಇರಲಿ ಎನ್ನುವುದು ಕಿವಿಗಾಗಿ. ಮೇಲಿನಿಂದ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಇಮ್ಮಡಿಯಾಗುತ್ತದೆ, ಅದರಲ್ಲೂ ಮೊದಲ ಕೆಲವು ಮೀಟರ್ ಕಿವಿಗೆ ಕಠಿಣ. ಸೊಸೈಟಿಯ 1.2 ಮೀಟರ್ ಕೊಳದಲ್ಲಿ ಕಿವಿ ಏನೂ ಹೇಳುವುದಿಲ್ಲ, ಸಮುದ್ರದಲ್ಲಿ ಮೊದಲ ಸಲ ನೋವು ಬಂದಾಗ ಜನ ಕಂಗಾಲಾಗುತ್ತಾರೆ. ಮೂಗು ಹಿಡಿದು ಮೆತ್ತಗೆ ಊದುವುದನ್ನು ನೋವು ಬರುವ ಮೊದಲೇ, ಅರ್ಧ ಮೀಟರಿಗೊಮ್ಮೆ ಮಾಡಬೇಕು. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು, ಜೋರಾಗಿ ಊದಬಾರದು. ನೆಗಡಿ ಇದ್ದರೆ ಅಂದಿನ ಡೈವ್ ಬೇಡ. ಮಾತ್ರೆ ನುಂಗಿ ಇಳಿದರೆ ಅದರ ಪ್ರಭಾವ ನೀರಡಿಯೇ ಇಳಿದು, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು.

ಹೆಚ್ಚಿನವರು ಸೋಲುವುದು ಮಾಸ್ಕ್ ಅಭ್ಯಾಸದಲ್ಲಿ. ನೀರು ಪೂರ್ತಿ ತುಂಬಿದ ಮಾಸ್ಕ್‌ನ ಮೇಲಂಚು ಹಣೆಗೆ ಒತ್ತಿ, ತಲೆ ತುಸು ಎತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೋಗುತ್ತದೆ. ಕೆಡುವುದು ಎಲ್ಲಿ ಎಂದರೆ, ಅದಕ್ಕೂ ಮೊದಲು ಮೂಗಿನಿಂದ ಒಳಗೆ ಎಳೆದುಕೊಳ್ಳುತ್ತಾರೆ. ಮನೆಯಲ್ಲೇ ಬಕೆಟ್ ನೀರಿಗೆ ಮಾಸ್ಕ್ ಇಲ್ಲದೆ ಮುಖ ಅದ್ದಿ, ಸ್ನಾರ್ಕೆಲ್‌ನಿಂದ ಎರಡು ನಿಮಿಷ ಬಾಯಲ್ಲೇ ಉಸಿರಾಡುವುದನ್ನು ರೂಢಿ ಮಾಡಿ. ಕೊಳದಲ್ಲಿ ಅರ್ಧ ಸಮಯ ಉಳಿಯುತ್ತದೆ. ದಪ್ಪ ಮೀಸೆಯವರಿಗೆ ಮಾಸ್ಕ್ ಸೋರುವುದು ಸಹಜ. ಮೂಗಿನ ಕೆಳಗಿನ ಒಂದಿಷ್ಟು ಕೂದಲು ತ್ಯಾಗ ಮಾಡಬೇಕಾದೀತು.

ಕೊಳದಲ್ಲಿ ಕಲಿತು ಬಂದವರ ತೂಕದ ಲೆಕ್ಕ ಸಮುದ್ರದಲ್ಲಿ ತಪ್ಪುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಶೇ. 2.5ರಷ್ಟು ದಟ್ಟ. ನೀವು 75 ಕೆಜಿ, ಸಾಮಾನು 20 ಕೆಜಿ ಇದ್ದರೆ ಬೆಲ್ಟಿಗೆ ಸುಮಾರು ಎರಡೂವರೆ ಕೆಜಿ ಹೆಚ್ಚು ಬೇಕು. ಕೊಳದಲ್ಲಿ ಬರೀ ಟಿ-ಶರ್ಟ್, ಕಡಲಲ್ಲಿ 3 ಮಿಮೀ ವೆಟ್‌ಸೂಟ್ ಆದರೆ ಇನ್ನೂ ಹೆಚ್ಚು. ಬಿಸಿಡಿ ಖಾಲಿ ಮಾಡಿ, ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಂತು, ಉಸಿರು ಬಿಟ್ಟಾಗ ನಿಧಾನ ಮುಳುಗಿದರೆ ತೂಕ ಸರಿ. ತುಂಬಿದ ಸಿಲಿಂಡರಿನಲ್ಲಿ ಈ ಪರೀಕ್ಷೆ ಮಾಡಿದ್ದರೆ ಎರಡು ಕೆಜಿ ಸೇರಿಸಿ. ಗಾಳಿ ಮುಗಿಯುತ್ತಾ ಅಲ್ಯೂಮಿನಿಯಂ ಸಿಲಿಂಡರ್ ತೇಲತೊಡಗುತ್ತದೆ.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಮೀ ಕಡಲೊಳಗಿದೆ. ನದಿಯ ಹೂಳಿನಿಂದ ದೂರವಾದ್ದರಿಂದ ಡಿಸೆಂಬರ್, ಜನವರಿಯ ಒಳ್ಳೆಯ ದಿನಗಳಲ್ಲಿ ಗೋವಾದ ಎರಡು ಮೂರು ಪಟ್ಟು ದೂರ ಕಾಣುತ್ತದೆ. ಬೆಲೆ ತೆರುವುದು ದೋಣಿಯಲ್ಲಿ: ಒಂದೂವರೆ ಗಂಟೆ ತೂಗಾಟ. ವಾಂತಿ ಆಗುವವರು ಹಿಂದಿನ ರಾತ್ರಿ ಒಂದು, ಹೊರಡುವ ಮುನ್ನ ಒಂದು ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಲಿ. ನೀರಡಿ ವಾಂತಿ ಬಂದರೆ ರೆಗ್ಯುಲೇಟರ್ ಬಾಯಲ್ಲೇ ಇಟ್ಟು ಅದರ ಮೂಲಕವೇ ಮಾಡಿ, ರೆಗ್ಯುಲೇಟರಿಗೆ ಜೋರಾಗಿ ಗಾಳಿ ಬಿಡುವ ಪರ್ಜ್ ಗುಂಡಿ ಒತ್ತಿ ತೊಳೆದುಕೊಳ್ಳಬೇಕು. ತೆಗೆದರೆ ಮುಂದಿನ ಉಸಿರಿಗೆ ನೀರೇ ಗತಿ. ನೌಕಾಪಡೆ ಹಿಂದೆ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪ ಇದು, ಲೋಹದ ಚೂರು ಕಂಡರೆ ಮುಟ್ಟಬೇಡಿ. ದಿನಕ್ಕೆ ಎರಡರಂತೆ ನಾಲ್ಕು ಡೈವ್‌ಗೆ ಎರಡು ದಿನ, ಗಾಳಿ ಎದ್ದು ದೋಣಿ ಬಿಡದಿದ್ದರೆ ಎಂದು ಇನ್ನೊಂದು ದಿನ ಇಟ್ಟುಕೊಳ್ಳಿ.

ಪುಣೆಯಿಂದ ಗೋವಾಕ್ಕೆ ಕಾರಿನಲ್ಲಿ ಹೋಗುವವರಿಗೆ ಮಾಲವಣ ತಾಲೂಕಿನ ತಾರ್ಕರ್ಲಿಯೂ ಇದೆ. ಅಲ್ಲಿನ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಕೇಂದ್ರಕ್ಕೆ ತನ್ನದೇ ತರಬೇತಿ ಕೊಳ ಇರುವುದು ದೊಡ್ಡ ಅನುಕೂಲ.

ವಾಪಸಾತಿ

ಡೈವ್ ಮುಗಿದ ಕೂಡಲೇ ಎತ್ತರಕ್ಕೆ ಹೋದರೆ ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟಿ ಅಪಾಯವಾಗಬಹುದು. ವಿಮಾನದ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಘಟ್ಟದ ಬಗ್ಗೆ ಯಾರೂ ಹೇಳುವುದಿಲ್ಲ. ಒಂದೇ ಡೈವ್ ಮಾಡಿದ್ದರೆ 12 ಗಂಟೆ, ಹಲವು ಮಾಡಿದ್ದರೆ 18 ಗಂಟೆ ಕಾಯಬೇಕೆಂಬ ಡೈವರ್‌ಗಳ ಸುರಕ್ಷತೆಯ ಡ್ಯಾನ್ ಸಂಸ್ಥೆಯ ಸಲಹೆ 600 ಮೀಟರಿನಷ್ಟು ಎತ್ತರದಿಂದಲೇ ಶುರುವಾಗುತ್ತದೆ. ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬಂದರೂ, ಆಂಬೋಲಿಯಿಂದ ಹೋದರೂ ಆ ಗೆರೆ ದಾಟುತ್ತೀರಿ. ಯಲ್ಲಾಪುರದ ಮೇಲಿಂದ ಹುಬ್ಬಳ್ಳಿಗೆ ಬಂದರೂ ಹತ್ತಿರ ಹತ್ತಿರ ಅಷ್ಟೇ ಎತ್ತರ. ಮುಂಬೈಗೆ ಕೊಂಕಣ ರೈಲಿನಲ್ಲಿ ಹೋಗುವವರು ಕಡಲಮಟ್ಟದಿಂದ ಹೆಚ್ಚು ಮೇಲೇರುವುದಿಲ್ಲ. ಪುಣೆಯವರು ಲೋಣಾವಳ ಹತ್ತುವ ಹೊತ್ತಿಗೆ 18 ಗಂಟೆ ಕಳೆದಿರುವಂತೆ ಟಿಕೆಟ್ ತೆಗೆಸಿ, ಕಾರಿನವರು ಕೊನೆಯ ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಬೆಳಿಗ್ಗೆ ಹೊರಡಲಿ.