ಪೂರ್ಣಾವಧಿ ಕೆಲಸಕ್ಕೆ ಅರ್ಧ ದಿನ ಕೇಳಿದ ನನಗೆ ಉದ್ಯೋಗ ಮಾಹಿತಿ ಕೇಂದ್ರ ಎಷ್ಟು ನೆರವಾಯಿತು

ದಾವಣಗೆರೆಯಲ್ಲಿ ಖಾಸಗಿ ಕೆಲಸ ಹುಡುಕಿಕೊಡುವ ಒಂದು ಕೇಂದ್ರದ ಸೇವೆಯನ್ನು ನಾನು ನಾಲ್ಕು ತಿಂಗಳು ಪಡೆದಿದ್ದೇನೆ. ಅಲ್ಲಿನ ಸಿಬ್ಬಂದಿ ನನ್ನೊಡನೆ ಸೌಜನ್ಯದಿಂದಲೇ ನಡೆದುಕೊಂಡಿದ್ದರಿಂದ ಕೇಂದ್ರದ ಹೆಸರನ್ನು ಬರೆಯುವುದಿಲ್ಲ. ಆದರೆ ನನ್ನ ಹಾಗೆ ಮನೆಯ ಜವಾಬ್ದಾರಿಯಿಂದಾಗಿ ಕಡಿಮೆ ಗಂಟೆಗಳ ಕೆಲಸ ಹುಡುಕುತ್ತಿರುವವರು ಇಂಥ ಕಡೆ ಹೆಸರು ನೋಂದಾಯಿಸುವ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ನಾನು ಬಿ.ಕಾಂ. ಓದಿ ಒಂಬತ್ತು ವರ್ಷ ಅಕ್ಕಿ ಗಿರಣಿಯೊಂದರ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡವಳು. ಮಾವನವರಿಗೆ ಪಾರ್ಶ್ವವಾಯು ಬಡಿದ ಮೇಲೆ ಆ ಕೆಲಸ ಬಿಟ್ಟೆ. ಈಗ ಅವರು ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಮಧ್ಯಾಹ್ನ ಮೂರೂವರೆಗೆ ನಿಟ್ಟುವಳ್ಳಿಯ ನಮ್ಮ ಮನೆಗೆ ವ್ಯಾಯಾಮ ಮಾಡಿಸುವವರು ಬರುತ್ತಾರೆ, ಆ ಹೊತ್ತಿಗೆ ನಾನು ಮನೆಯಲ್ಲಿರಲೇಬೇಕು. ಬೆಳಿಗ್ಗೆ ಹತ್ತರಿಂದ ಎರಡೂವರೆಯವರೆಗೆ ದುಡಿಯುವುದಕ್ಕೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಕೇಂದ್ರದವರ ಪಟ್ಟಿಯಲ್ಲಿದ್ದ ಲೆಕ್ಕಪತ್ರದ ಹುದ್ದೆಗಳೆಲ್ಲ ಪೂರ್ಣಾವಧಿಯವೇ ಆಗಿದ್ದವು.

ನೋಂದಣಿಗೆ ಐನೂರು ರೂಪಾಯಿ ಕಟ್ಟಿಸಿಕೊಂಡು ರಸೀದಿ ಕೊಟ್ಟರು. ಅರ್ಜಿಯಲ್ಲಿ ವಿದ್ಯಾರ್ಹತೆ, ಅನುಭವ, ಹಿಂದಿನ ಸಂಬಳ, ನಿರೀಕ್ಷಿಸುವ ಸಂಬಳ ಎಲ್ಲಕ್ಕೂ ಜಾಗವಿತ್ತು. ಎಷ್ಟು ಗಂಟೆ ಕೆಲಸ ಮಾಡಬಲ್ಲಿರಿ ಎಂಬುದಕ್ಕೆ ಮಾತ್ರ ಇರಲಿಲ್ಲ. ಸಂಬಳದ ಕಾಲಂನ ಪಕ್ಕದಲ್ಲಿ ಸಮಯವನ್ನು ಬರೆಯಲು ಹೊರಟಾಗ ಮೇಜಿನಾಚೆ ಕುಳಿತಿದ್ದ ಹುಡುಗಿ ತಡೆದಳು: “ಅದನ್ನ ಬರಿಬ್ಯಾಡ್ರಿ ಮೇಡಂ. ಪಾರ್ಟ್ ಟೈಮ್ ಅಂದ್ರೆ ಯಾರೂ ಕರೆಯಲ್ಲ. ಮೊದ್ಲು ಸೆಲೆಕ್ಟ್ ಆಗ್ರಿ, ಆಮೇಲೆ ನೋಡಿದ್ರಾತು.” ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನಾನೂ ಒಪ್ಪಿದೆ.

ಆ ಸಲಹೆಯ ಫಲವನ್ನು ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಕಂಡೆ. ಸಾಹುಕಾರರು ಸ್ವತಃ ಮುಕ್ಕಾಲು ಗಂಟೆ ಮಾತನಾಡಿಸಿದರು, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದಲ್ಲಿ ಹತ್ತು ಬಿಲ್ಲುಗಳನ್ನು ಹಾಕಿಸಿ ನೋಡಿದರು, ಹಳೆಯ ಗುಮಾಸ್ತರನ್ನು ಕರೆದು ಪರಿಚಯವನ್ನೂ ಮಾಡಿಸಿದರು. ಸಂಬಳದ ಮಾತು ಮುಗಿದು ಯಾವಾಗಿನಿಂದ ಬರುತ್ತೀರಿ ಎಂದು ಕೇಳಿದಾಗ ನಾನು ಎರಡೂವರೆಯ ವಿಷಯ ತೆಗೆದೆ. ಅವರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಗಲ್ಲೆಯ ಮೇಲಿಟ್ಟು, “ಮೊದ್ಲೇ ಹೇಳಬಾರದಿತ್ತೇನಮ್ಮ, ಅರ್ಧ ದಿನ ನಿಮ್ದೂ ಹೋತು, ನಂದೂ ಹೋತು” ಎಂದರು. ಗುಮಾಸ್ತರು ತಲೆ ತಗ್ಗಿಸಿ ಹೊರಗೆ ಹೋದರು. ಅಲ್ಲಿಂದ ಮನೆಗೆ ನಡೆದು ಬರುವಾಗ ಕೆಲಸ ತಪ್ಪಿದ್ದಕ್ಕಿಂತ, ಒಬ್ಬ ಹಿರಿಯರ ನಂಬಿಕೆಯನ್ನು ಕೆಡಿಸಿದೆನಲ್ಲ ಎಂಬ ನೋವು ಹೆಚ್ಚಾಗಿತ್ತು.

ಕೇಂದ್ರದವರು ಹೀಗೇಕೆ ಸಲಹೆ ಕೊಡುತ್ತಾರೆಂಬುದು ಅವರ ಶುಲ್ಕದ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಕೆಲಸ ಸಿಕ್ಕಿದ ಮೇಲೆ ಮೊದಲ ತಿಂಗಳ ಸಂಬಳದ ಅರ್ಧವನ್ನು ಅವರಿಗೆ ಕೊಡಬೇಕು. ಗಂಟೆ ಕಡಿಮೆಯಾದರೆ ಸಂಬಳ ಇಳಿಯುತ್ತದೆ, ಅದರೊಂದಿಗೆ ಅವರ ಪಾಲೂ ಇಳಿಯುತ್ತದೆ. ಇದು ಯಾರೊಬ್ಬರ ಕೆಟ್ಟತನವೆಂದು ನಾನು ಭಾವಿಸುವುದಿಲ್ಲ, ಆದರೆ ಅರ್ಜಿ ಹಾಕುವವರು ಇದನ್ನು ಗಮನದಲ್ಲಿಟ್ಟುಕೊಂಡೇ ಅವರ ಮಾತನ್ನು ತೂಗಿ ನೋಡಬೇಕು.

ಎರಡನೇ ಬಾರಿ ನಾನು ಹಟ ಹಿಡಿದೆ. ಅರ್ಜಿಯ ಮೇಲ್ಭಾಗದಲ್ಲೇ “ಬೆಳಿಗ್ಗೆ 10ರಿಂದ ಮಧ್ಯಾಹ್ನ 2.30” ಎಂದು ಬರೆದು, ಸಂದರ್ಶನಕ್ಕೆ ಮೊದಲೇ ಇದನ್ನು ಮಾಲೀಕರಿಗೆ ಫೋನಿನಲ್ಲಿ ತಿಳಿಸಬೇಕೆಂದು ಕೇಳಿಕೊಂಡೆ. ಜೊತೆಗೆ ಒಂದು ಹಾಳೆಯಲ್ಲಿ ಕೆಲಸದ ವಿವರವನ್ನು ಬರೆದುಕೊಟ್ಟೆ. ಲೆಕ್ಕಪತ್ರದ ಕೆಲಸ ತಿಂಗಳುದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವ್ಯಾಪಾರಿ 7ನೇ ತಾರೀಖಿನೊಳಗೆ ಟಿ.ಡಿ.ಎಸ್. (ಹಣ ಕೊಡುವಾಗಲೇ ಹಿಡಿದ ಆದಾಯ ತೆರಿಗೆ) ಕಟ್ಟಬೇಕು, 11ರೊಳಗೆ ಮಾರಾಟದ ವಿವರ ಕೊಡುವ ಜಿ.ಎಸ್.ಟಿ.ಆರ್-1, 15ರೊಳಗೆ ನೌಕರರ ಆರೋಗ್ಯ ವಿಮೆಯಾದ ಇ.ಎಸ್.ಐ. ವಂತಿಗೆ, 20ರೊಳಗೆ ಜಿ.ಎಸ್.ಟಿ. ಲೆಕ್ಕ ಕೊಟ್ಟು ತೆರಿಗೆ ಕಟ್ಟುವ ಜಿ.ಎಸ್.ಟಿ.ಆರ್-3ಬಿ. ಆದ್ದರಿಂದ 10 ಮತ್ತು 19ರಂದು ಪೂರ್ತಿ ದಿನ ಇರುತ್ತೇನೆ, ಆ ಎರಡು ದಿನ ಮಾವನವರನ್ನು ನನ್ನ ಗಂಡ ನೋಡಿಕೊಳ್ಳುತ್ತಾರೆ, ಉಳಿದ ದಿನಗಳಲ್ಲಿ ಹಿಂದಿನ ದಿನದ ಬಿಲ್ಲುಗಳನ್ನು ಮರುದಿನ ಮಧ್ಯಾಹ್ನದೊಳಗೆ ಮುಗಿಸುತ್ತೇನೆ ಎಂದು ಬರೆದಿದ್ದೆ.

ಆ ಹಾಳೆ ಬಿತ್ತನೆ ಬೀಜ ಮತ್ತು ಗೊಬ್ಬರದ ವ್ಯಾಪಾರಿಯೊಬ್ಬರ ಕೈಸೇರಿತು. ಹನ್ನೆರಡು ಜನ ದುಡಿಯುವ ಅಂಗಡಿ ಅದು. ಅವರು ನನ್ನನ್ನು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ: ಮುಂಗಾರಿನಲ್ಲಿ ಮೆಕ್ಕೆಜೋಳದ ಬಿತ್ತನೆ ಶುರುವಾದಾಗ ರೈತರು ಅಂಗಡಿ ತುಂಬ ನಿಂತಿರುತ್ತಾರಲ್ಲ, ಆಗೇನು ಮಾಡುತ್ತೀರಿ? ಮೂರು ವಾರ ಮಾತ್ರ ಬೆಳಿಗ್ಗೆ ಎಂಟಕ್ಕೇ ಬರುತ್ತೇನೆ, ಎರಡೂವರೆಗೆ ಹೊರಡುವುದು ಬದಲಾಗುವುದಿಲ್ಲ ಎಂದೆ. ಹಾಳೆಯ ಕೆಳಗೆ ಅವರೇ ಅದನ್ನು ಬರೆದು ಸಹಿ ಹಾಕಿದರು.

ಹುದ್ದೆಯ ಸಂಬಳ 18,000 ರೂಪಾಯಿ ಇತ್ತು, ಅಂಗಡಿಯ ವೇಳೆ ಊಟದ ಬಿಡುವು ಕಳೆದು ದಿನಕ್ಕೆ ಎಂಟು ಗಂಟೆ. ನಾಲ್ಕೂವರೆ ಗಂಟೆಗೆ 10,125 ಆಗುತ್ತದೆ. ಎರಡು ಪೂರ್ಣ ದಿನಗಳನ್ನು ಸೇರಿಸಿ 11,000ಕ್ಕೆ ಮಾತು ಮುಗಿಯಿತು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮೇಲಿನ ಮಿತಿಯನ್ನು ಹಾಕಿದೆ. ಇಷ್ಟು ಗಂಟೆ ದುಡಿದರೇ ನೌಕರರು ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಲಿಖಿತ ನೇಮಕಾತಿ ಆದೇಶ ಕೊಡಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ. ನನ್ನ ಆದೇಶದಲ್ಲಿ ಸಮಯವನ್ನು ಸ್ಪಷ್ಟವಾಗಿ ಬರೆಸಿಕೊಂಡೆ, ಬಾಯಿಮಾತಿನಲ್ಲಿ ಬಿಟ್ಟಿದ್ದರೆ ಎರಡೂವರೆ ಎಂಬುದು ಒಂದೆರಡು ತಿಂಗಳಲ್ಲಿ ನಾಲ್ಕಾಗುತ್ತಿತ್ತು.

ಕೇಂದ್ರ ತಪ್ಪಿದ ಇನ್ನೊಂದು ಕಡೆ ಇ.ಎಸ್.ಐ. ಅರ್ಧ ದಿನದವರಿಗೆ ಅದು ಬರುವುದಿಲ್ಲ ಎಂದು ಅವರು ಖಚಿತವಾಗಿ ಹೇಳಿದ್ದರು. ಅದು ಸರಿಯಲ್ಲ. ಹತ್ತು ಅಥವಾ ಹೆಚ್ಚು ಜನರಿರುವ, ಯೋಜನೆಗೆ ಒಳಪಟ್ಟ ಅಂಗಡಿಯಲ್ಲಿ ತಿಂಗಳ ಸಂಬಳ 21,000 ಮೀರದಿದ್ದರೆ ಅರೆಕಾಲಿಕ ನೌಕರರಿಗೂ ಅದು ಸಲ್ಲುತ್ತದೆ. ನೌಕರರ ಪಾಲು ಶೇಕಡಾ 0.75, ಮಾಲೀಕರದು 3.25. ನನ್ನ ಮೊದಲ ಸಂಬಳದ ಚೀಟಿಯಲ್ಲಿ 83 ರೂಪಾಯಿ ಕಡಿತವಾಗಿದ್ದನ್ನು ನೋಡಿ ನನಗೆ ಸಮಾಧಾನವೇ ಆಯಿತು. ರೋಗಿಯೊಬ್ಬರಿರುವ ಮನೆಯಲ್ಲಿ ಆ ಕಾರ್ಡಿನ ಬೆಲೆ ಏನೆಂದು ಬಲ್ಲವರಿಗೆ ಗೊತ್ತು. ಕೇಂದ್ರದ ಮಾತನ್ನೇ ನಂಬಿದ್ದರೆ ನಾನು ಅದನ್ನು ಕೇಳುತ್ತಲೇ ಇರಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಅವರು ಕಳಿಸಿದ ಎರಡೂ ಕಡೆ ಹುದ್ದೆ ನಿಜವಾಗಿ ಖಾಲಿ ಇತ್ತು, ವಿಳಾಸ ಮತ್ತು ಸಮಯ ಸರಿಯಾಗಿದ್ದವು, ಹೆಣ್ಣುಮಕ್ಕಳು ಹೋಗಬಹುದಾದ ಜಾಗಗಳೇ ಎಂದು ಮೊದಲೇ ವಿಚಾರಿಸಿಟ್ಟುಕೊಂಡಿದ್ದರು. ಶುಲ್ಕದ ವಿಷಯದಲ್ಲಿ ಮೊದಲು ಪೂರ್ಣ ಸಂಬಳದ ಲೆಕ್ಕಕ್ಕೆ 9,000 ಕೇಳಿದರು. ನೇಮಕಾತಿ ಆದೇಶ ತೋರಿಸಿ ಎರಡು ಸಲ ಹೋಗಿ ಮಾತನಾಡಿದ ಮೇಲೆ 5,500 ತೆಗೆದುಕೊಂಡು ರಸೀದಿ ಹರಿದುಕೊಟ್ಟರು. ಪೂರ್ಣಾವಧಿ ಕೆಲಸ ಹುಡುಕುವವರಿಗೆ ಈ ಕೇಂದ್ರವನ್ನು ನಾನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಗಂಟೆ ಕಡಿಮೆ ಬೇಕೆನ್ನುವವರು ತಮ್ಮ ಸಮಯವನ್ನು ಅರ್ಜಿಯ ತಲೆಯ ಮೇಲೆಯೇ ಬರೆದುಕೊಟ್ಟು, ಶುಲ್ಕ ಯಾವ ಸಂಬಳದ ಮೇಲೆ ಎಂಬುದನ್ನು ಮೊದಲ ದಿನವೇ ಬರೆಸಿಕೊಂಡು ಹೋಗಲಿ.

ರಸೀದಿ ಪಡೆದ ದಿನ ಆ ಹುಡುಗಿಗೆ ಅರ್ಜಿಯಲ್ಲಿ “ಕೆಲಸದ ಸಮಯ” ಎಂದು ಒಂದು ಸಾಲು ಸೇರಿಸಿ ಎಂದು ಕೇಳಿಕೊಂಡೆ. ಹೊಸ ಅರ್ಜಿಗಳು ಅಚ್ಚಾಗುವಾಗ ಹಾಕಿಸುತ್ತೇವೆ, ಅಲ್ಲಿಯವರೆಗೆ ಪೆನ್ನಿನಲ್ಲಿ ಬರೆಸುತ್ತೇನೆ ಎಂದು ಹೇಳಿ, ನನ್ನೆದುರಿಗೇ ಮುಂದಿನವರ ಅರ್ಜಿಯ ಮೇಲೆ ಆ ಎರಡು ಪದಗಳನ್ನು ಬರೆದಳು.