ಹ್ಯಾಪ್ಕಿಡೋ ಕಲಿಯಬೇಕಾ, ಟೇಕ್ವಾಂಡೋ ಕಲಿಯಬೇಕಾ?

ಎರಡೂ ಕೊರಿಯಾದ ಸಮರಕಲೆಗಳೇ. ಆತ್ಮರಕ್ಷಣೆಗಾಗಿಯೇ ಕಲಿಯುವುದಾದರೆ ನನ್ನ ಮತ ಹ್ಯಾಪ್ಕಿಡೋಗೆ.

ಟೇಕ್ವಾಂಡೋದಲ್ಲಿ ಕಾಲಿನ ಕೆಲಸವೇ ಜಾಸ್ತಿ. 1955ರಲ್ಲಿ ಈ ಹೆಸರು ಬಂತು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದು ಪದಕದ ಆಟ. ವೇಗ, ದಮ್ಮು, ದೂರದಿಂದಲೇ ಒದೆಯುವ ಧೈರ್ಯ ಚೆನ್ನಾಗಿ ಬರುತ್ತವೆ. ಆದರೆ ಒಲಿಂಪಿಕ್ಸ್ ಮಾದರಿಯ ಸ್ಪರ್ಧೆಯಲ್ಲಿ ಎದುರಾಳಿಯನ್ನು ಹಿಡಿಯುವಂತಿಲ್ಲ, ಮುಖಕ್ಕೆ ಗುದ್ದುವಂತಿಲ್ಲ. ಬೀದಿಯಲ್ಲಿ ಮೊದಲು ಕೈ ಬೀಳುವುದೇ ತೋಳಿಗೋ ಕಾಲರಿಗೋ, ಅಲ್ವಾ?

ಹ್ಯಾಪ್ಕಿಡೋದಲ್ಲಿ ಅಂಥ ಹಿಡಿತಕ್ಕೇ ಮೊದಲ ಪಾಠ. ಜಪಾನಿನಿಂದ ಮರಳಿದ ಚೋಯ್ ಯೋಂಗ್ ಸುಲ್ ಕೊರಿಯಾದ ಡೇಗು ನಗರದಲ್ಲಿ ಕಲಿಸಿದ ಪಟ್ಟುಗಳು ಇದರ ಬೇರು. ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ನೆ ಹಿಂದಕ್ಕೆ ಎಳೆಯಬೇಡಿ, ಹಿಡಿತ ಇನ್ನೂ ಬಿಗಿಯಾಗುತ್ತದೆ. ಬೆರಳು ಅಗಲಿಸಿ. ಅರ್ಧ ಹೆಜ್ಜೆ ಮುಂದಿಡಿ. ಅವರ ಹೆಬ್ಬೆರಳು, ಉಳಿದ ಬೆರಳುಗಳು ಸೇರುವ ಸಂದಿನ ಕಡೆ ಕೈ ತಿರುಗಿಸಿ ಹೊರಗೆಳೆಯಿರಿ. ಬಲ ಕಡಿಮೆಯಿರುವುದು ಅಲ್ಲೇ. ಬೀಳುವುದನ್ನೂ ಕಲಿಸುತ್ತಾರೆ: ಗದ್ದ ಎದೆಗೆ, ಅಂಗೈ ಮ್ಯಾಟಿಗೆ ಪಟ್ ಅಂತ. ಜಾರಿ ಬಿದ್ದಾಗಲೂ ತಲೆ ಉಳಿಸುವ ಪಾಠ ಇದು.

ಒಂದು ಎಚ್ಚರಿಕೆ. ಜೊತೆಗಾರರು ಸದಾ ಸುಲಭವಾಗಿ ಬಿಟ್ಟುಕೊಟ್ಟರೆ ಪಟ್ಟು ನಿಜಕ್ಕೂ ಕೈಗೆ ಹತ್ತುವುದಿಲ್ಲ. ಸೇರುವ ಮೊದಲು ಒಂದು ತರಗತಿ ಕೂತು ನೋಡಿ. ಗಟ್ಟಿಯಾಗಿ ಹಿಡಿದು ಅಭ್ಯಾಸ ಮಾಡಿಸುತ್ತಾರಾ, ಕೀಲು ನೋವಾಗಿ ‘ಸಾಕು’ ಅಂತ ತಟ್ಟಿದ ತಕ್ಷಣ ಬಿಡುತ್ತಾರಾ ಗಮನಿಸಿ.

ಮಕ್ಕಳಿಗೆ, ಸ್ಪರ್ಧೆಯ ಆಸೆಯಿರುವವರಿಗೆ ಟೇಕ್ವಾಂಡೋ ಸರಿ. ನಮ್ಮೂರುಗಳಲ್ಲಿ ಅದರ ತರಗತಿ ಸಿಗುವುದೂ ಸುಲಭ.